ಎದುರಾಳಿಯ ಬಾಯಲ್ಲಿ ಹದಗೊಳ್ಳುವ ಠರಾವು

ಬೈಲಹೊಂಗಲದ ಬಸ್ ನಿಲ್ದಾಣದ ಹಿಂದಿನ ಓಣಿಗೆ ಇನ್ನೂ ಬೆಳಕು ಹರಿದಿಲ್ಲ. ಕಬ್ಬು ಹೇರಿಕೊಂಡ ಟ್ರ್ಯಾಕ್ಟರೊಂದು ದೊಡ್ಡದಾಗಿ ಹಾಡು ಹಾಕಿಕೊಂಡು ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಯ ಕಡೆಗೆ ಹೊರಟಿದೆ. ಅರ್ಧ ಎತ್ತಿದ ಶಟರಿನ ಕೆಳಗಿನಿಂದ ಟ್ಯೂಬ್‌ಲೈಟಿನ ಬೆಳಕು ರಸ್ತೆಗೆ ಚೆಲ್ಲಿದೆ. ಒಳಗೆ ಈಜಿಪ್ಟೂ ಇಥಿಯೋಪಿಯಾವೂ ಜಗಳಕ್ಕೆ ಬಿದ್ದಿವೆ.

ಈಜಿಪ್ಟ್ ಎಂದರೆ ರಾಮದುರ್ಗ ತಾಲ್ಲೂಕು ತೊರಗಲ್ಲಿನ ಅಮೋಘಸಿದ್ದಪ್ಪ. ಇಥಿಯೋಪಿಯಾ ಎಂದರೆ ಸವದತ್ತಿಯ ಶಿವಾನಿ. ಇಬ್ಬರೂ ಸರ್ಕಾರಿ ಪಿಯು ಕಾಲೇಜಿನ ಮೊದಲ ವರ್ಷದ ಮಕ್ಕಳು, ನಿನ್ನೆ ಸಂಜೆಯ ಬಸ್ಸಿಗೆ ಬಂದು ಈ ಅಂಗಡಿಯ ಒಡತಿಯ ಮನೆಯಲ್ಲೇ ಉಂಡು ಮಲಗಿ ಎದ್ದವರು. ಅಂಗಡಿಯೆಂದರೆ ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಝೆರಾಕ್ಸ್ ಯಂತ್ರ, ಎರಡು ಪ್ಲಾಸ್ಟಿಕ್ ಕುರ್ಚಿ. ಒಡತಿ ಶೈಲಶ್ರೀ ಯಲಿಗಾರ. ಆಕೆಯ ಕೈಯಲ್ಲಿ ಕೆಂಪು ಪೆನ್ನು.

“ಓದು,” ಎನ್ನುತ್ತಾರೆ ಅಮೋಘಸಿದ್ದಪ್ಪನಿಗೆ.

“ನಂದಲ್ರಿ ಅಕ್ಕಾರ ಅದು. ಅಕಿ ಬರದದ್ದು.”

“ಅದಕ್ಕ ನೀ ಓದಬೇಕು.”

ಹುಡುಗ ಮುಖ ಗಂಟಿಕ್ಕಿಕೊಂಡು ಓದುತ್ತಾನೆ: ‘ಮೇಲ್ಭಾಗದ ರಾಷ್ಟ್ರವು ಅಣೆಕಟ್ಟಿನಲ್ಲಿ ನೀರು ತಡೆಯುವ ಮುನ್ನ ಕೆಳಭಾಗದ ರಾಷ್ಟ್ರಗಳಿಗೆ ಮಾಹಿತಿ ನೀಡಬಹುದು...’ ಅಲ್ಲಿಗೆ ನಿಂತ.

“ಏನಾತು?”

“ಬಹುದು ಅಂದ್ರ ಕೊಟ್ರೂ ಕೊಟ್ರು, ಬಿಟ್ರೂ ಬಿಟ್ರು. ನಮ್ಮೂರ ಕಾಲುವಿ ಹಣೇಬರಹನ ಆತಲ್ರಿ ಇದು. ನಾ ಓದೂದಿಲ್ಲ.”

“ಸಿಕ್ತು ನೋಡು ಮುಳ್ಳು,” ಎಂದು ಶೈಲಶ್ರೀ ಆ ಶಬ್ದಕ್ಕೆ ಕೆಂಪು ಸುತ್ತು ಹಾಕುತ್ತಾರೆ. “ಶಿವಾನಿ, ಈಗ ಅಂವಂದು ನೀ ಓದವಾ.”

ಶಿವಾನಿ ಗಂಟಲು ಸರಿಮಾಡಿಕೊಂಡು ಶುರು ಮಾಡುತ್ತಾಳೆ: ‘ಕೆಳಭಾಗದ ರಾಷ್ಟ್ರಗಳ ಒಪ್ಪಿಗೆಯಿಲ್ಲದೆ ಹನಿ ನೀರನ್ನೂ ತಡೆಯಕೂಡದೆಂದು ಆಗ್ರಹಿಸುತ್ತದೆ.’ ಮುಗಿಸುವಷ್ಟರಲ್ಲಿ ಹಾಳೆ ಕೆಳಗಿಟ್ಟಾಗಿದೆ. “ಹನಿ ನೀರೂ ತಡೀಬಾರದೇನು? ಮತ್ತ ನಾವು ಡ್ಯಾಮ್ ಕಟ್ಟಿದ್ದು ಯಾತಕ್ಕೋ, ದನಾ ತೊಳ್ಯಾಕ?”

ಶೈಲಶ್ರೀ ನಗುತ್ತಲೇ ಇನ್ನೊಂದು ಕೆಂಪು ಸುತ್ತು ಹಾಕುತ್ತಾರೆ. ಹೊರಗೆ ಹಾಲಿನ ಗಾಡಿ ಬಂದ ಸದ್ದು. ಸಭೆ ಸೇರಲು ಇನ್ನು ಕೆಲವೇ ತಾಸು ಉಳಿದಿದೆ.

ಯಾವ ಸಭೆ? ಕಾಲೇಜು ಮಕ್ಕಳು ದೇಶಗಳ ಪ್ರತಿನಿಧಿಗಳಾಗಿ ಕುಳಿತು, ಜಗತ್ತಿನ ತಂಟೆಯೊಂದನ್ನು ಚರ್ಚಿಸಿ, ಕೊನೆಗೆ ಠರಾವು ಬರೆದು ಮತಕ್ಕೆ ಹಾಕುವ ಆಟವೊಂದಿದೆ. ಅಣಕು ವಿಶ್ವಸಂಸ್ಥೆ ಎನ್ನುತ್ತಾರೆ. ದೊಡ್ಡ ಊರುಗಳಲ್ಲಿ ಕೋಟು ಟೈ ಹಾಕಿದ ಮಕ್ಕಳ ಇಂಗ್ಲಿಷ್ ಆಟ ಅದು. ಇಲ್ಲಿಯೂ ಹಾಗೇ ಶುರುವಾಯಿತು, ಊರಿನ ಖಾಸಗಿ ಸಂಸ್ಥೆಯೊಂದರ ಸಭಾಂಗಣದಲ್ಲಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸರ್ಕಾರಿ ಕಾಲೇಜಿನ ಮಕ್ಕಳನ್ನೂ ಕರೆದರು, ಆದರೆ ಹಿಂದಿನ ಬೆಂಚಿನಲ್ಲಿ ಕುಳಿತು ಚಪ್ಪಾಳೆ ತಟ್ಟಲು. ಕಿತ್ತೂರಿನ ಅತಿಥಿ ಉಪನ್ಯಾಸಕ ಮಹಾದೇವ ಸರ್ ಹಟ ಹಿಡಿದು, ಹತ್ತು ಸಲ ಅಲೆದು, ಕನ್ನಡದಲ್ಲೇ ನಡೆಯುವ ಪ್ರತ್ಯೇಕ ಸಭೆಯೊಂದನ್ನು ಗಿಟ್ಟಿಸಿಕೊಂಡರು. ಕೊಟ್ಟವರ ಮುಖದಲ್ಲಿ ಭಿಕ್ಷೆ ನೀಡಿದ ಠೀವಿಯಿತ್ತು ಎಂದು ಅವರು ಇಂದಿಗೂ ಹಲ್ಲು ಕಡಿಯುತ್ತಾರೆ.

ಆ ಕನ್ನಡ ಸಭೆಯಲ್ಲಿ ಎರಡು ವರ್ಷ ಒಂದು ಠರಾವೂ ಪಾಸಾಗಲಿಲ್ಲ. ಈ ವರ್ಷ ಸಂಘಟನಾ ಸಮಿತಿಯಿಂದ ಸುತ್ತೋಲೆ ಬಂದಿದೆ. ‘ಈ ಬಾರಿಯೂ ಠರಾವು ಅಂಗೀಕಾರವಾಗದಿದ್ದಲ್ಲಿ ಕನ್ನಡ ಸಭೆಯನ್ನು ಕೈಬಿಡಲಾಗುವುದು. ಅಂಗೀಕಾರವಾದಲ್ಲಿ ಮುಂದುವರಿಕೆಯ ಕುರಿತು ಪರಿಶೀಲಿಸಲಾಗುವುದು.’

ಸುತ್ತೋಲೆಯನ್ನು ಮೊದಲು ಓದಿದಾಗ ಮಹಾದೇವ ಸರ್ ನಿಟ್ಟುಸಿರು ಬಿಟ್ಟು, “ಪಾಸಾದ್ರ ಉಳೀತೈತಿ,” ಎಂದರಂತೆ. ಶೈಲಶ್ರೀ ತಲೆ ಅಲ್ಲಾಡಿಸಿದರು. “ಎಲ್ಲೈತ್ರಿ ಸರ್ ಉಳಿಯೂದು? ಫೇಲಾದ್ರ ಕೈಬಿಡ್ತಾರಂತ, ಅದು ಗಟ್ಟಿ. ಪಾಸಾದ್ರ ಪರಿಶೀಲಿಸ್ತಾರಂತ. ಪರಿಶೀಲನಾಕ್ಕ ಹೋದ ಅರ್ಜಿ ತಿರುಗಿ ಬಂದದ್ದು ನಾ ಕಂಡಿಲ್ಲ.”

ಅದು ನಿಜ. ಪರಿಶೀಲಿಸಲಾಗುವುದು ಎಂಬುದು ನಮ್ಮ ಕಚೇರಿಗಳ ಅತ್ಯಂತ ಸಭ್ಯವಾದ ಕೊಲೆ. ಎಷ್ಟು ಊರಿನ ರಸ್ತೆ, ಎಷ್ಟು ಸಾಲಿಯ ಛಾವಣಿ, ಎಷ್ಟು ವಿಧವೆಯರ ಪಿಂಚಣಿ ಆ ಒಂದು ಶಬ್ದದ ಕೆಳಗೆ ಮಣ್ಣಾಗಿವೆ ಎಂಬುದನ್ನು ಬೇರೆ ಯಾರು ಬಲ್ಲರೋ ಬಿಟ್ಟರೋ, ಅವುಗಳ ಅರ್ಜಿಯನ್ನು ಟೈಪು ಮಾಡಿದ ಕೈ ಬಲ್ಲದು.

ಶೈಲಶ್ರೀಯ ಹೊಟ್ಟೆಪಾಡಿನ ಕೆಲಸ ಅದೇ. ಮಗ್ಗುಲಲ್ಲೇ ಕೋರ್ಟು, ನಾಲ್ಕು ಹೆಜ್ಜೆಗೆ ತಹಶೀಲ್ದಾರರ ಕಚೇರಿ. ದಿನಕ್ಕೆ ಏನಿಲ್ಲವೆಂದರೂ ಮೂವತ್ತು ನಲವತ್ತು ಹಾಳೆ ಆಕೆಯ ಬೆರಳಿನಿಂದ ಹೊರಬೀಳುತ್ತವೆ. ಸಂಘಟನೆಗಳ ಮನವಿ, ಊರವರ ತಕರಾರು, ಮದುವೆಯ ಕಾರ್ಡು, ಮಕ್ಕಳ ಪ್ರಾಜೆಕ್ಟು. ಕರೆಂಟು ಹೋದರೆ ಬರುವವರೆಗೆ ಬೈಗುಳ. ಬಲಗೈಯ ಮಣಿಕಟ್ಟು ಸಂಜೆಗೆ ಊದುತ್ತದೆ, ಬಿಸಿನೀರಿನ ಶಾಖ ಕೊಟ್ಟರೆ ಬೆಳಿಗ್ಗೆಗೆ ಮತ್ತೆ ತಯಾರು. ಗಂಡ ಸಾರಿಗೆ ಬಸ್ಸಿನ ಕಂಡಕ್ಟರ್, ಮನೆಯಲ್ಲಿರುವುದಕ್ಕಿಂತ ಮಾರ್ಗದಲ್ಲಿರುವುದೇ ಹೆಚ್ಚು. ಬಿ.ಎ. ಮುಗಿಸಿದಾಗ ಶಿಕ್ಷಕಿಯಾಗುವ ಆಸೆಯಿತ್ತು. ಈಗ ಅದರ ಮಾತೆತ್ತಿದರೆ, “ಏನ್ ಮಾಡೂದ್ರಿ, ಸಾಲಿನ ನನ್ನ ಅಂಗಡಿಗೆ ಬಂದೈತಲ್ಲ,” ಎಂದು ತೇಲಿಸಿಬಿಡುತ್ತಾರೆ.

ಶಾಲೆ ಅಂಗಡಿಗೆ ಬಂದದ್ದು ಒಂದು ಎಡವಟ್ಟಿನಿಂದ.

ಮೊದಲ ವರ್ಷ ಮಹಾದೇವ ಸರ್ ಕೈಬರಹದ ಠರಾವನ್ನು ತಂದು ಟೈಪಿಗೆ ಕೊಟ್ಟು ಹೋದರು. ವಿಷಯ ಸಮುದ್ರದ ಮೀನುಗಾರಿಕೆ. ದೇಶ ನಾರ್ವೆ. ನಾರ್ವೆಯ ಪ್ರತಿನಿಧಿ ಎಂ.ಕೆ. ಹುಬ್ಬಳ್ಳಿಯ ರಾಣಿ, ಆಗಿನ್ನೂ ಕಾಲೇಜಿಗೆ ಹೊಂದಿಕೊಂಡ ಪ್ರೌಢಶಾಲೆಯ ಹತ್ತನೆಯ ತರಗತಿ, ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವರ ಮಗಳು. ಅಂಗಡಿಯಲ್ಲಿ ಅಂದು ಜನವೋ ಜನ. ವರ್ಷಗಟ್ಟಲೆ ಮನವಿ ಹೊಡೆದ ಬೆರಳುಗಳು ತಲೆಯನ್ನು ಕೇಳದೆ ತಮ್ಮ ಪಾಡಿಗೆ ತಾವು ಓಡಿದವು. ಮಾರನೆಯ ದಿನ ತುಂಬಿದ ಸಭೆಯಲ್ಲಿ ರಾಣಿ ಎದ್ದು ನಿಂತು ಓದಿದ್ದು ಹೀಗೆ: ‘ಮಾನ್ಯ ತಹಶೀಲ್ದಾರರ ಮೂಲಕ ವಿಶ್ವಸಂಸ್ಥೆಯ ಮಹಾಪ್ರಧಾನ ಕಾರ್ಯದರ್ಶಿಗಳಿಗೆ.’ ಕೊನೆಯ ಸಾಲು: ‘ತಪ್ಪಿದಲ್ಲಿ ನಾರ್ವೆ ದೇಶದ ವತಿಯಿಂದ ರಸ್ತೆ ತಡೆ ಸಹಿತ ಉಗ್ರ ಹೋರಾಟ ಹಮ್ಮಿಕೊಳ್ಳಲಾಗುವುದೆಂದು ಈ ಮೂಲಕ ಎಚ್ಚರಿಸುತ್ತೇವೆ.’

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಇಂಗ್ಲಿಷ್ ಸಭೆಯ ಮಕ್ಕಳು ಪಕ್ಕದ ಕೋಣೆಯಿಂದ ಓಡಿ ಬಂದು ಮೊಬೈಲಿನಲ್ಲಿ ಹಿಡಿದುಕೊಂಡರು. ರಾಣಿ ಅಳಲಿಲ್ಲ. ನೇರ ಅಂಗಡಿಗೆ ಬಂದು ಹಾಳೆಯನ್ನು ಕೌಂಟರ್ ಮೇಲಿಟ್ಟು ಕೇಳಿದಳು: “ಅಕ್ಕಾರ, ನಾರ್ವೇದಾಗ ತಹಶೀಲ್ದಾರ ಎಲ್ಲಿ ಕುಂದರ್ತಾರ್ರಿ?”

“ಆ ಮಾತು ಕಪಾಳಕ್ಕ ಹೊಡದಂಗ ಆತ್ರಿ,” ಎನ್ನುತ್ತಾರೆ ಶೈಲಶ್ರೀ. “ಅಕಿ ಬೈದಿದ್ರ ತಡಕೋತಿದ್ದೆ. ಬೈಲಿಲ್ಲ. ಕೇಳಿದ್ಲು. ಅವತ್ತ ಅಕಿನ್ನ ಕುಂಡ್ರಿಸಿಕೊಂಡು, ಖರೇ ಠರಾವು ಹೆಂಗಿರ್ತಾವು ಅಂತ ಇಬ್ಬರೂ ಕೂಡೇ ಓದಾಕ ಚಾಲೂ ಮಾಡಿದ್ವಿ.”

ವಿಶ್ವಸಂಸ್ಥೆಯ ಠರಾವುಗಳನ್ನು ಇಂಟರ್‌ನೆಟ್ಟಿನಿಂದ ಇಳಿಸಿಕೊಂಡರು. ಗೊತ್ತಿಲ್ಲದ ಶಬ್ದಕ್ಕೆ ಮಹಾದೇವ ಸರ್‌ಗೆ ಫೋನು. ಒಂದೊಂದು ವಾಕ್ಯವೂ ಒಂದೊಂದು ಕ್ರಿಯಾಪದದ ಮೇಲೆ ನಿಲ್ಲುತ್ತದೆ ಎಂಬುದು ಗೊತ್ತಾಯಿತು. ಗಮನಿಸುತ್ತದೆ, ಕಳವಳಪಡುತ್ತದೆ, ಕೋರುತ್ತದೆ, ಕರೆ ಕೊಡುತ್ತದೆ, ಆಗ್ರಹಿಸುತ್ತದೆ, ಖಂಡಿಸುತ್ತದೆ. ಒಂದಕ್ಕಿಂತ ಒಂದು ಖಾರ. ಎಲ್ಲಕ್ಕೂ ಮೇಲೆ ನಿರ್ಧರಿಸುತ್ತದೆ. ಅದನ್ನು ಎಲ್ಲ ಸಭೆಗಳೂ ಬೇಕಾದಲ್ಲಿ ಬಳಸುವಂತಿಲ್ಲ. ಮಕ್ಕಳ ಈ ಆಟದ ನಿಯಮದಲ್ಲೂ ಹಾಗೆಯೇ, ಇವರ ಸಭೆ ಕೇಳಬಹುದು, ಒತ್ತಾಯಿಸಬಹುದು, ಬೇರೆಯವರ ಪರವಾಗಿ ನಿರ್ಧರಿಸುವಂತಿಲ್ಲ.

ಇದನ್ನು ಶೈಲಶ್ರೀ ಮಕ್ಕಳಿಗೆ ತಿಳಿಸುವ ರೀತಿ ಬೇರೆ. “ಗೇಟಿನ ಚಾವಿ ಯಾರ ಕೈಯಾಗ ಐತಿ ಅವರಷ್ಟ ‘ನಿರ್ಧರಿಸುತ್ತದೆ’ ಅನ್ನಬೇಕು. ಚಾವಿ ಇಲ್ಲದವರು ಅಂದ್ರ ಅದು ಬರೇ ಒದರಾಟ.”

ಗೇಟು ಆಕೆಗೆ ಉಪಮೆಯಲ್ಲ. ಅಪ್ಪ ಶಂಕರೆಪ್ಪ ಮಲಪ್ರಭಾ ಕಾಲುವೆಯಲ್ಲಿ ಗೇಟು ಎತ್ತಿ ಇಳಿಸುವ ಕೆಲಸ ಮಾಡಿದವರು. ಸವದತ್ತಿ ಸೀಮೆಯಲ್ಲಿ ಹುಟ್ಟಿದ ಮಗಳು ಅಪ್ಪನ ಸೈಕಲ್ಲಿನ ಹಿಂದೆ ಕುಳಿತು ಕಾಲುವೆಯ ಏರಿಯ ಮೇಲೆ ಬೆಳೆದವಳು. ಮೇಲಿನ ಹೊಲದವರಿಗೂ ಬಾಲದ, ಅಂದರೆ ಕಾಲುವೆಯ ಕಟ್ಟಕಡೆಯ ಹೊಲದವರಿಗೂ ಪಾಳಿಗಾಗಿ ಗುದ್ದಾಟ ಬಿದ್ದಾಗ ಅಪ್ಪ ಒಂದು ಪದ್ಧತಿ ಇಟ್ಟುಕೊಂಡಿದ್ದರು. ಒಪ್ಪಂದದ ಮಾತನ್ನು ತಾವು ಹೇಳುತ್ತಿರಲಿಲ್ಲ. ಯಾರ ಪಾಲು ಕಡಿಮೆಯಾಯಿತೋ ಅವರ ಬಾಯಿಂದಲೇ, ಎಲ್ಲರ ಎದುರು, ಏರಿಯ ಮೇಲೆ ನಿಲ್ಲಿಸಿ ಹೇಳಿಸುತ್ತಿದ್ದರು. ಎಲ್ಲಿ ಅವರ ಮಾತು ತಡವರಿಸಿತೋ ಅಲ್ಲಿ ಒಪ್ಪಂದವನ್ನು ತಿದ್ದಬೇಕು. ಪೂರ್ತಿ ಹೇಳಿ ಮುಗಿಸುವವರೆಗೆ ಗೇಟಿಗೆ ಕೈ ಹಚ್ಚುವಂತಿಲ್ಲ.

ಶಂಕರೆಪ್ಪ ಈಗ ಮಗಳ ಮನೆಯಲ್ಲೇ ಇದ್ದಾರೆ, ಅಂಗಡಿಗೆ ಚಹಾ ತರುವ ನೆಪದಲ್ಲಿ ಎಲ್ಲದರಲ್ಲೂ ಮೂಗು ತೂರಿಸುತ್ತಾರೆ. “ಬ್ಯಾರೆಯವರು ಹೇಳಿದ ಮಾತು ಮನಿಗೆ ಹೋಗೂದ್ರಾಗ ಮರತು ಬಿಡ್ತಾರ. ತಾನ ಆಡಿದ್ದು ಬೆನ್ನ ಹತ್ತತೈತಿ ನೋಡ್ರಿ,” ಎನ್ನುತ್ತಾರೆ ಕಪ್ಪು ಜೋಡಿಸುತ್ತ.

ಕಳೆದ ವರ್ಷ ಸಭೆ ಮುರಿದು ಬಿದ್ದದ್ದನ್ನು ಕಂಡಾಗ ಶೈಲಶ್ರೀಗೆ ಅಪ್ಪನ ಆ ಏರಿ ನೆನಪಾಯಿತು. ಆ ಸಲ ಠರಾವಿನಲ್ಲಿ ತಹಶೀಲ್ದಾರರು ಇರಲಿಲ್ಲ, ರಸ್ತೆ ತಡೆಯೂ ಇರಲಿಲ್ಲ. ಆದರೆ ಪ್ರತಿ ದೇಶವೂ ಇನ್ನೊಂದು ದೇಶವನ್ನು ಖಂಡಿಸಿತು. ನಮ್ಮ ಮಕ್ಕಳು ಕಂಡ ಬರಹವೆಂದರೆ ಮನವಿ ಪತ್ರ, ಕೇಳಿದ ಭಾಷಣವೆಂದರೆ ಧರಣಿಯ ಭಾಷಣ. ಖಾರ ಕಡಿಮೆಯಾದರೆ ಹೇಡಿತನ ಎಂದುಕೊಂಡವರು. ಯಾರೊಬ್ಬರೂ ಒಂದು ಶಬ್ದ ಬಿಟ್ಟುಕೊಡದೆ ಮತದಾನದಲ್ಲಿ ಎಲ್ಲ ಠರಾವುಗಳೂ ಬಿದ್ದವು. ಆ ಸಂಜೆಯೇ ಆಕೆ ಹೊಸ ಕಟ್ಟಳೆ ಮಾಡಿದರು: ಯಾವ ಮಗುವೂ ತನ್ನ ಠರಾವನ್ನು ತಾನು ಓದಕೂಡದು. ಎದುರು ಮತ ಹಾಕುವವರೇ ಓದಬೇಕು.

ಹಾಗೆಂದು ಆಕೆ ತಲೆ ಬಾಗಿಸುವುದನ್ನು ಕಲಿಸುತ್ತಾರೆ ಎಂದುಕೊಂಡರೆ ತಪ್ಪು. ಉಗ್ರ ಹೋರಾಟದ ಸಾಲನ್ನು ಇಂದಿಗೂ ವಾರಕ್ಕೆ ನಾಲ್ಕು ಬಾರಿ ಟೈಪು ಮಾಡುತ್ತಾರೆ, ಬೇಕಾದಾಗ ಶಟರ್ ಇಳಿಸಿ ಮೆರವಣಿಗೆಯಲ್ಲಿ ನಡೆದೂ ಇದ್ದಾರೆ. ಅಮೋಘಸಿದ್ದಪ್ಪ ಒಮ್ಮೆ ಸಿಟ್ಟಿನಿಂದ, “ಎಲ್ಲಾದಕ್ಕೂ ಕೋರತೇವಿ ಕೋರತೇವಿ ಅಂದ್ರ ನಾವೇನು ಭಿಕ್ಷುಕರೇನ್ರಿ?” ಎಂದಿದ್ದ.

“ಶಬ್ದ ಮೆತ್ತಗ ಮಾಡು ಅಂದೆ. ಕೆಲಸಾ ಮೆತ್ತಗ ಮಾಡು ಅಂದೆನೇನು?” ಎಂದು ಆಕೆ ತಿರುಗಿ ಬಿದ್ದರಂತೆ. “ನೀ ಖಂಡಿಸ್ತೀ ಅಂದ್ರ ಅವರು ಏನ್ ಮಾಡಬೇಕು? ಏನೂ ಮಾಡಬೇಕಿಲ್ಲ, ಮನಿಗೆ ಹೋಗ್ತಾರ. ಹೊರಗ ಬಾಗಲಾ ಮುಚ್ಚಿದಾಗ ಒದರು, ಬ್ಯಾಡ ಅನ್ನೂದಿಲ್ಲ. ಒಳಗ ಕುಂತಾಗ, ಅವರು ಏನ್ ಮಾಡಬೇಕು ಅನ್ನೂದನ್ನ ಬರಿ.”

ಇಂದು ಮುಂಜಾನೆ ಅದೇ ಆಗಬೇಕಾಗಿದೆ. ವಿಷಯ ಗಡಿ ದಾಟುವ ನದಿಗಳ ನೀರು. ಈಜಿಪ್ಟು ‘ಒಪ್ಪಿಗೆ’ ಬಿಡುತ್ತಿಲ್ಲ, ಇಥಿಯೋಪಿಯಾ ‘ಬಹುದು’ ಬಿಡುತ್ತಿಲ್ಲ. ಜಗಳ ಯಾವಾಗಲೋ ನೈಲ್ ನದಿಯಿಂದ ಇಳಿದು, ಮೇಲೆ ಸವದತ್ತಿಯ ಅಣೆಕಟ್ಟು, ಕೆಳಗೆ ತೊರಗಲ್ಲು ಇರುವ ಮಲಪ್ರಭೆಗೆ ಬಂದು ನಿಂತಿದೆ.

“ನಿಮ್ಮೂರ ಹತ್ರ ಡ್ಯಾಮ್ ಐತಿ ಅಂತ ಸೊಕ್ಕು ನಿಮಗ,” ಎನ್ನುತ್ತಾನೆ ಅವನು.

“ನಿಮಗ ಕ್ವಾಟಿ ಐತಲ್ಲ, ಅದನ್ನ ಕುಡೀರಿ,” ಎನ್ನುತ್ತಾಳೆ ಅವಳು, ತೊರಗಲ್ಲಿನ ಕೋಟೆಯನ್ನು ಎತ್ತಿ ಆಡುತ್ತ.

ಅಷ್ಟರಲ್ಲಿ ಮೊದಲ ಬಸ್ಸಿನಿಂದಿಳಿದು ರಾಣಿ ಬಂದಿದ್ದಾಳೆ. ಈಗ ದ್ವಿತೀಯ ಪಿಯು, ಈ ಸಲ ಸುಡಾನ್, ಇಬ್ಬರ ನಡುವಿನ ದೇಶ. ಬಂದವಳೇ ಶಂಕರೆಪ್ಪನವರ ಕೈಯಿಂದ ಚಹಾ ತೆಗೆದುಕೊಂಡು ಕೇಳುತ್ತಾಳೆ: “ಅಜ್ಜಾರ, ಮಳಿ ಇಲ್ಲದ ವರ್ಷ ನೀವು ಏನ್ ಮಾಡ್ತಿದ್ರಿ?”

“ಏನ್ ಮಾಡೂದವಾ, ಬೆಳಿಗಿ ನೀರು ಇಲ್ಲ ಅಂತ ಹೇಳಿಬಿಡ್ತಿದ್ವಿ. ಕುಡಿಯಾಕ ಅಷ್ಟ ಬಿಡೂದು. ಅದನ್ನ ಬಾಲದಿಂದ ಚಾಲೂ ಮಾಡ್ತಿದ್ವಿ. ಮ್ಯಾಲಿನವರು ಹೊಳಿ ದಂಡ್ಯಾಗ ಇರ್ತಾರ, ಹೆಂಗರ ಕುಡೀತಾರ. ಬಾಲದವರಿಗೆ ಮೊದಲ ಮುಟ್ಟಬೇಕು.”

ರಾಣಿ ಪೆನ್ನು ಎತ್ತಿಕೊಂಡು ಬರೆಯುತ್ತಾಳೆ, ಶೈಲಶ್ರೀ ಟೈಪು ಮಾಡುತ್ತಾರೆ. ‘ನೀರು ತಡೆಯುವ ಮುನ್ನ ಮೇಲ್ಭಾಗದ ರಾಷ್ಟ್ರವು ಕೆಳಭಾಗದ ರಾಷ್ಟ್ರಗಳಿಗೆ ಮೊದಲೇ ತಿಳಿಸಿ, ಅವರೊಡನೆ ಕುಳಿತು ಮಾತಾಡಬೇಕೆಂದು ಈ ಸಭೆ ಕೋರುತ್ತದೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಕುಡಿಯುವ ನೀರಿನ ಪಾಳಿಯು ನದಿಯ ಕೆಳಭಾಗದಿಂದ ಆರಂಭವಾಗಬೇಕೆಂದು ಕೋರುತ್ತದೆ.’

ಅಮೋಘಸಿದ್ದಪ್ಪ ಮೊದಲ ವಾಕ್ಯ ಓದುತ್ತಾನೆ. ‘ಒಪ್ಪಿಗೆ’ ಇಲ್ಲದ್ದು ಕಂಡು ಒಮ್ಮೆ ಮೂಗು ಮುರಿದರೂ ನಿಲ್ಲುವುದಿಲ್ಲ. ಶಿವಾನಿ ಎರಡನೆಯದನ್ನು ಓದುತ್ತಾಳೆ. ಎಲ್ಲೂ ತಡೆಯಿಲ್ಲ.

“ನಿಲ್ಲಲಿಲ್ಲ ನೀ,” ಎನ್ನುತ್ತಾನೆ ಅವನು, ಅನುಮಾನದಿಂದ.

“ಕುಡ್ಯಾಕ ನೀರು ಕೊಡಬ್ಯಾಡ ಅನ್ನಾಕ ಯಾರಿಗೆ ಬಾಯಿ ಬರತೈತೋ? ನಿನ್ನಂಗ ನಾ ಏನು ರಾಕ್ಷಸಿ ಅಲ್ಲ.”

ಪ್ರಿಂಟರ್ ಗುರುಗುಟ್ಟುತ್ತದೆ. ಬೆಳಕು ಹರಿದಿದೆ.

ಸಭಾಂಗಣದ ಬಾಗಿಲಲ್ಲಿ ಎಲ್ಲರಿಗೂ ಕೊರಳಿಗೆ ಹಾಕುವ ಬ್ಯಾಜು ಕೊಡುತ್ತಿದ್ದಾರೆ. ಮಾರ್ಗದರ್ಶಕರು, ತೀರ್ಪುಗಾರರು, ಅತಿಥಿಗಳು. ಶೈಲಶ್ರೀಗೆ ಕೊಟ್ಟದ್ದರಲ್ಲಿ ಹೆಸರಿಲ್ಲ. ‘ಟೈಪಿಂಗ್’ ಎಂದಷ್ಟೇ ಇದೆ. ಸಭಾಂಗಣದ ಮೂಲೆಯಲ್ಲಿ ಒಂದು ಮೇಜು, ಲ್ಯಾಪ್‌ಟಾಪ್, ಅಲ್ಲಿ ಟೈಪಾದದ್ದು ದೊಡ್ಡ ಪರದೆಯ ಮೇಲೆ ಎಲ್ಲರಿಗೂ ಕಾಣುತ್ತದೆ. ಟೈಪು ಮಾಡುವವರು ಸಭೆಯಲ್ಲಿ ಬಾಯಿ ತೆರೆಯುವಂತಿಲ್ಲ ಎಂಬುದು ನಿಯಮ. ಇಷ್ಟೂ ಮಕ್ಕಳನ್ನು ಇಲ್ಲಿಗೆ ತಂದು ನಿಲ್ಲಿಸಿದ ಹೆಂಗಸಿಗೆ ಒಂದು ಹೆಸರು ಅಚ್ಚು ಹಾಕಿಸಲು ಇವರಿಗೆ ಹೊಳೆಯಲಿಲ್ಲ. ಕೇಳಿದರೆ ಆಕೆ ಬ್ಯಾಜನ್ನು ತಿರುಗಿಸಿ ನೋಡಿ, “ಹಿಂದ ಖಾಲಿ ಐತಿ, ನಾನ ಬರಕೋತೇನಿ,” ಎನ್ನುತ್ತಾರೆ.

ಮಧ್ಯಾಹ್ನದವರೆಗೆ ಚರ್ಚೆ. ಊಟವಾದ ಮೇಲೆ ಠರಾವು ಸಭೆಯ ಮುಂದೆ ಬರುತ್ತದೆ. ಬರುತ್ತಿದ್ದಂತೆ ಹಿಂದಿನ ಸಾಲಿನಿಂದ ಇನ್ನೊಂದು ದೇಶದ ಹುಡುಗ ಎದ್ದು, ‘ನೀರು ತಡೆದ ರಾಷ್ಟ್ರವನ್ನು ಉಗ್ರವಾಗಿ ಖಂಡಿಸುತ್ತದೆ’ ಎಂದು ಸೇರಿಸಿದರೆ ಮಾತ್ರ ತಾನೂ ತನ್ನ ಗೆಳೆಯರೂ ಮತ ಹಾಕುವುದಾಗಿ ಘೋಷಿಸುತ್ತಾನೆ. ಚಪ್ಪಾಳೆ ಬೀಳುತ್ತದೆ. ಕಳೆದ ವರ್ಷ ಸಭೆ ಮುರಿದದ್ದು ಇಂಥದೇ ಚಪ್ಪಾಳೆಗೆ. ಮಹಾದೇವ ಸರ್ ಹಣೆ ಒತ್ತಿಕೊಳ್ಳುತ್ತಾರೆ. ಮೂಲೆಯ ಮೇಜಿನಲ್ಲಿ, ಆ ಸಾಲನ್ನು ಪರದೆಗೆ ಹಾಕಿದ ಶೈಲಶ್ರೀಯ ಕೈ ಕೀಲಿಮಣೆಯ ಮೇಲೆ ನಿಂತಿದೆ, ಬಾಯಿ ಬಿಗಿದಿದೆ.

ಅಮೋಘಸಿದ್ದಪ್ಪ ಎದ್ದು ನಿಲ್ಲುತ್ತಾನೆ. ಈಜಿಪ್ಟಿಗೆ ಆ ಸಾಲು ಹಬ್ಬವಾಗಬೇಕು.

“ಅಧ್ಯಕ್ಷರೇ, ಆ ಸಾಲನ್ನು ಇಥಿಯೋಪಿಯಾದ ಪ್ರತಿನಿಧಿ ಓದಲಿ ಎಂದು ಕೋರುತ್ತೇನೆ.”

ಶಿವಾನಿ ಪರದೆ ನೋಡಿ ಶುರು ಮಾಡಿ, ‘ಉಗ್ರವಾಗಿ’ಗೆ ಬಂದಾಗ ನಿಂತು, ನಿಂತೇ ಇರುತ್ತಾಳೆ.

“ನೋಡಿದ್ರಲ್ಲ,” ಎನ್ನುತ್ತಾನೆ ಅಮೋಘಸಿದ್ದಪ್ಪ, ಸಭೆಯ ಭಾಷೆ ಮರೆತು. “ಅಕಿ ಇದಕ್ಕ ಮತ ಹಾಕೂದಿಲ್ಲ. ಅಕಿ ಹಾಕಲಿಲ್ಲ ಅಂದ್ರ ಬಾಲಕ್ಕ ನೀರು ಬರೂದಿಲ್ಲ. ನನಗ ನೀರು ಬೇಕ್ರಪ್ಪಾ, ಅಕಿ ಮಾರಿ ಸಣ್ಣದಾಗೂದು ಬ್ಯಾಡ.”

ನಗು ಏಳುತ್ತದೆ. ಈ ಸಲದ ನಗುವಿನಲ್ಲಿ ಅಣಕವಿಲ್ಲ. ಹಿಂದಿನ ಸಾಲಿನ ಹುಡುಗ ತುಸು ಹೊತ್ತು ಗೆಳೆಯರೊಡನೆ ಪಿಸುಗುಟ್ಟಿ ತನ್ನ ಸಾಲು ಹಿಂದಕ್ಕೆ ಪಡೆಯುತ್ತಾನೆ. ಮತಕ್ಕೆ ಹಾಕಿದಾಗ ಕೈಗಳು ಒಂದೊಂದಾಗಿ, ಆಮೇಲೆ ಸಾಲು ಸಾಲಾಗಿ ಏಳುತ್ತವೆ. ಮೂರನೆಯ ವರ್ಷ, ಕನ್ನಡ ಸಭೆಯ ಮೊದಲ ಠರಾವು ಪಾಸಾಗಿದೆ.

ಸಂಘಟನಾ ಸಮಿತಿಯ ಕಾರ್ಯದರ್ಶಿ ವೇದಿಕೆಗೆ ಬರುತ್ತಾರೆ. ಕೆಟ್ಟ ಮನುಷ್ಯರೇನಲ್ಲ, ಅವಸರದ ಮನುಷ್ಯ. ಮಕ್ಕಳನ್ನು ಹೊಗಳುತ್ತಾರೆ, ಪ್ರಮಾಣಪತ್ರದ ವಿಷಯ ಹೇಳುತ್ತಾರೆ, ಕೊನೆಗೆ ಕೈಗಡಿಯಾರ ನೋಡಿಕೊಳ್ಳುತ್ತಾ, “ಮುಂದಿನ ವರ್ಷದ್ದು, ಸುತ್ತೋಲೆದಾಗ ಹೇಳಿದಂಗ, ಸಮಿತಿ ಪರಿಶೀಲಿಸತೈತಿ,” ಎಂದು ಮೈಕು ಕೆಳಗಿಡಲು ಹೋಗುತ್ತಾರೆ.

“ಇನ್ನೊಂದು ಠರಾವು ಐತ್ರಿ ಸರ್.” ರಾಣಿ ಎದ್ದಿದ್ದಾಳೆ.

ಪರದೆಯ ಮೇಲೆ ಅಕ್ಷರಗಳು ಮೂಡುತ್ತವೆ. ‘ಮುಂದಿನ ವರ್ಷವೂ ಕನ್ನಡ ಸಭೆಯನ್ನು ನಡೆಸಬೇಕೆಂದು ಈ ಸಭೆ ಸಂಘಟನಾ ಸಮಿತಿಯನ್ನು ಆಗ್ರಹಿಸುತ್ತದೆ.’

“ನಮ್ಮ ಪದ್ಧತಿ ಐತ್ರಿ ಸರ್, ಎದುರಿನವರು ಓದಬೇಕು. ನೀವು ಓದ್ರಿ.”

ಕಾರ್ಯದರ್ಶಿ ನಗುತ್ತಲೇ ಓದುತ್ತಾರೆ. ಕೊನೆಯ ಶಬ್ದಕ್ಕೆ ನಗು ಕರಗುತ್ತದೆ. “ಆಗ್ರಹ ಯಾಕವಾ? ನಾವೇನು ನಿಮ್ಮ ವೈರಿಗಳೇನು?”

“ಅಲ್ರಿ ಸರ್. ನಿಮಗ ಹೇಳಾಕ ಬರೂ ಶಬ್ದ ನೀವ ಕೊಡ್ರಿ.”

“ಕೋರುತ್ತದೆ ಅಂತ ಮಾಡ್ರಿ. ಛಂದ ಕಾಣತೈತಿ.”

ರಾಣಿ ಮೂಲೆಯ ಮೇಜಿನ ಕಡೆ ನೋಡುತ್ತಾಳೆ. ಶೈಲಶ್ರೀ ಕಣ್ಣು ಎತ್ತುವುದಿಲ್ಲ. ‘ಆಗ್ರಹಿಸುತ್ತದೆ’ ಅಳಿದು ‘ಕೋರುತ್ತದೆ’ ಬರುತ್ತದೆ. ಕಾರ್ಯದರ್ಶಿ ಪೂರ್ತಿ ಓದುತ್ತಾರೆ. ಎಲ್ಲ ಕೈಗಳೂ ಏಳುತ್ತವೆ. ಮುಗಿಯಿತು ಎಂದುಕೊಂಡು ಅವರು ಮೈಕು ಇಳಿಸುವಷ್ಟರಲ್ಲಿ ಪರದೆಯ ಮೇಲೆ ಕೆಳಗಿನ ಸಾಲಿನಲ್ಲಿ ಇನ್ನೆರಡು ಶಬ್ದ ಬಂದಿವೆ. ‘ಸಂಘಟನಾ ಸಮಿತಿಯು’. ಅದರ ಮುಂದೆ ಕರ್ಸರು ಮಿಣುಕುತ್ತಾ ನಿಂತಿದೆ.

“ಇದೇನಿದು?”

“ನಾವು ಕೋರೇವ್ರಿ,” ಎನ್ನುತ್ತಾಳೆ ರಾಣಿ. “ಚಾವಿ ನಿಮ್ಮ ಕೈಯಾಗ ಐತಿ. ನಿಮ್ಮ ಮಾತು ನೀವ ಹೇಳಬೇಕ್ರಿ. ಅಕ್ಕಾರು ಬರಕೋತಾರ.”

ಕಾರ್ಯದರ್ಶಿ ಬಾಯಿ ತೆರೆಯುತ್ತಾರೆ. “ಸಂಘಟನಾ ಸಮಿತಿಯು, ಮುಂದಿನ ವರ್ಷ ಕನ್ನಡ ಸಭೆ ನಡೆಸುವುದನ್ನು... ಪರಿಶೀ...” ನಾಲ್ಕು ತಾಲ್ಲೂಕಿನ ಮಕ್ಕಳು ಅವರ ತುಟಿಯನ್ನೇ ನೋಡುತ್ತಿದ್ದಾರೆ. ಬೆಳಗಿನಿಂದ ಶಬ್ದಗಳನ್ನು ತೂಗಿದ ಮಕ್ಕಳು. ಆ ಶಬ್ದದ ತೂಕವೆಷ್ಟು ಎಂದು ಈಗ ಅವರೆಲ್ಲರಿಗೂ ಗೊತ್ತು. ಮಕ್ಕಳಿಗೆ ಗೊತ್ತೆಂಬುದು ಕಾರ್ಯದರ್ಶಿಗೂ ಗೊತ್ತಾಗಿಹೋಗಿದೆ. ಅರ್ಧಕ್ಕೇ ನಿಲ್ಲುತ್ತಾರೆ. ಕರವಸ್ತ್ರ ತೆಗೆದು ಕತ್ತು ಒರೆಸಿಕೊಳ್ಳುತ್ತಾರೆ. ಸಮಿತಿಯ ಉಳಿದವರ ಕಡೆ ತಿರುಗುತ್ತಾರೆ. ಅವರಲ್ಲೊಬ್ಬರು ಹೌದೆಂದು ತಲೆಯಾಡಿಸುತ್ತಾರೆ, ಇನ್ನೊಬ್ಬರೂ.

“ಯಪ್ಪಾ, ಬಾಯಾಗ ಹೊರಳವಲ್ದು ಇದು,” ಎಂದು ಕೊನೆಗೆ ತಾವೇ ನಕ್ಕುಬಿಡುತ್ತಾರೆ. “ನಡೆಸಲು ನಿರ್ಧರಿಸುತ್ತದೆ. ನಿರ್ಧರಿಸುತ್ತದೆ ಅಂತ ಹೊಡೀರಿ ಅಕ್ಕಾರ.”

ಶೈಲಶ್ರೀ ಹೊಡೆಯುತ್ತಾರೆ. ಪೂರ್ಣವಿರಾಮವನ್ನೂ ಇಡುತ್ತಾರೆ. ಮುಂದಿನ ಗದ್ದಲದಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಅಮೋಘಸಿದ್ದಪ್ಪ ಶಿವಾನಿಯ ಕೈ ಕುಲುಕಲು ಹೋಗಿ ನಾಚಿಕೊಂಡು ಮಹಾದೇವ ಸರ್ ಕೈ ಕುಲುಕುತ್ತ ನಿಂತಿದ್ದಾನೆ.

ಸಂಜೆ ಶೈಲಶ್ರೀ ಬಸ್ಸುಗಳಿಗೆ ಮಕ್ಕಳನ್ನು ಹತ್ತಿಸಿ ಬಂದು ಅಂಗಡಿಯ ಶಟರ್ ಎತ್ತುತ್ತಾರೆ. ಬಾಗಿಲಲ್ಲಿ ಆಗಲೇ ಇಬ್ಬರು ಕಾದಿದ್ದಾರೆ, ಓಣಿಯ ಬೀದಿದೀಪದ ಮನವಿಗೆ. ಕುರ್ಚಿ ತೋರಿಸಿ ಕುಳ್ಳಿರಿಸುತ್ತಾರೆ. ಮುಂದೇನು ಆಸೆ ಎಂದು ಕೇಳಿದರೆ ಮಣಿಕಟ್ಟು ಉಜ್ಜಿಕೊಳ್ಳುತ್ತಾ ಯೋಚಿಸುತ್ತಾರೆ. “ರಾಮದುರ್ಗದಾಗೂ ಒಂದು ಸಭಾ ಆಗಬೇಕ್ರಿ. ಅಲ್ಲಿ ಮಕ್ಕಳು ಎಷ್ಟ್ ದೂರ ಅಂತ ಬರಬೇಕು?” ಬ್ಯಾಜು ಇನ್ನೂ ಕೊರಳಲ್ಲೇ ಇದೆ. ಅದನ್ನು ತೆಗೆದು ಪ್ರಿಂಟರಿನ ಮೇಲಿಡುತ್ತಾರೆ.

ಚಹಾದ ಕಿಟ್ಲಿ ಹಿಡಿದು ಶಂಕರೆಪ್ಪ ಬರುತ್ತಾರೆ. ಬೆಳಗಿನಿಂದ ಸುದ್ದಿಗಾಗಿ ಕಾದವರು, ಆದರೂ ಮೊದಲು ಕಪ್ಪುಗಳಿಗೆ ಚಹಾ ಸುರಿದು, ಬಂದವರಿಗೆ ಕೊಟ್ಟು, ಆಮೇಲೆ ಮಗಳ ಕಡೆ ತಿರುಗುತ್ತಾರೆ.

“ಏನವಾ, ನೀರು ಬಿಟ್ರೇನು?”

“ಬಿಟ್ರಪ್ಪಾ,” ಎನ್ನುತ್ತಾರೆ ಶೈಲಶ್ರೀ, ಹೊಸ ಹಾಳೆ ತೆರೆಯುತ್ತಾ. “ಅವರ ಕೈಲಿಂದನ ಗೇಟ್ ಎತ್ತಿಸಿ ಬಂದೇವಿ.”